ಎಣ್ಣೆ ಹನಿ ನಿಂತ ಕೋಟು

ಆ ಮಧ್ಯಾಹ್ನ ದರ್ಜಿ ಚಾಚಾನ ಅಂಗಡಿಯಲ್ಲಿ ನಾವು ಮೂವರಿದ್ದೆವು. ಹೊಲಿಗೆ ಯಂತ್ರದ ಹಿಂದೆ ಚಾಚಾ, ಕಟ್ಟೆಯ ಮೇಲೆ ನಮ್ಮ ಠಾಣೆಯ ಹಿರಿಯ ಫೈರ್‌ಮನ್, ಬಾಗಿಲಿಗೆ ಆತು ನಿಂತ ನಾನು. ಯಂತ್ರದ ಮೇಲೆ ತೋಳು ಚಾಚಿ ಮಲಗಿದ್ದದ್ದು ಒಂದು ಕೋಟು. ಬೆಂಕಿ ಆರಿಸಲು ಹೋಗುವಾಗ ನಾವು ತೊಡುವ, ಮೂರು ಪದರದ ದಪ್ಪ ಕೋಟು. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಹತ್ತು ನಿಮಿಷದ ಕೆಲಸವೆಂದು ಬಂದಿದ್ದೆವು. ಆ ಹತ್ತು ನಿಮಿಷದ ಬೆನ್ನು ಹತ್ತಿ ನನ್ನ ನೌಕರಿಯ ಎರಡು ಬೇಸಿಗೆಗಳು ಹೋದವು.

ನಾನು ಆಗ ಠಾಣಾಧಿಕಾರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಸೀಮೆಯಲ್ಲಿ ಎಲ್ಲಿಯ ಠಾಣೆ ಎಂದು ಬರೆಯುವುದಿಲ್ಲ. ಒಂದು ಊರಿನ ಗಾಡಿ ಇನ್ನೊಂದು ಊರಿನ ಬೆಂಕಿಗೆ ಓಡುವುದು ನಮ್ಮಲ್ಲಿ ದಿನದ ಮಾತು, ಹಾಗಾಗಿ ಯಾವುದೆಂದರೂ ನಡೆಯುತ್ತದೆ. ಹಿರಿಯ ಫೈರ್‌ಮನ್‌ನನ್ನು ಊರೆಲ್ಲ ಪೈಲ್ವಾನ ಎನ್ನುತ್ತಿತ್ತು. ಆರಡಿ ಆಳು, ಕದದಷ್ಟು ಅಗಲ ಬೆನ್ನು. ಠಾಣೆಯ ಕೋಟುಗಳಲ್ಲಿ ಅವನ ಮೈಗೆ ಹತ್ತುತ್ತಿದ್ದದ್ದು ಅದೊಂದೇ. ಅದಕ್ಕೇ ಹರಿದರೂ ಬಿಡದೆ ಹೊಲಿಸುತ್ತಿದ್ದ.

ಚಾಚಾ ಕೋಟನ್ನು ಮಗುಚಿ ಅಸ್ತರಿನ ಹೊಲಿಗೆ ಬಿಚ್ಚಿದ. ಒಳಗಿನಿಂದ ಬಿಳಿ ಪುಡಿ ಅವನ ಮೊಣಕಾಲ ಮೇಲೆ ಸುರಿಯಿತು.

"ಏನ್ ಪೈಲ್ವಾನ್, ಸುಣ್ಣದ ಭಟ್ಟಿ ಒಳಗ ಹೋಗಿ ಮಲಗಿದ್ದಿ ಏನು?"

"ಅದು ವಾಡಿ ಧೂಳ ಚಾಚಾ," ಎಂದ ಪೈಲ್ವಾನ. "ಈ ಸೀಮಿ ಒಳಗ ಯಾರ ಅಂಗಿ ಝಾಡಿಸಿದ್ರೂ ಒಂದು ಮುಷ್ಟಿ ಸಿಮೆಂಟ್ ಬೀಳ್ತದ."

ನಾನೂ ನಕ್ಕೆ. ಇಲ್ಲಿ ಹುಟ್ಟಿದವರಿಗೆ ಬಿಳಿ ಧೂಳು ಎಂದರೆ ಗಾಳಿ ಇದ್ದ ಹಾಗೆ. ಗಿಡದ ಎಲೆಯ ಮೇಲೆ, ಚಹಾದ ಕೆನೆಯ ಮೇಲೆ, ಮದುವೆಯ ಶಾಮಿಯಾನದ ಮೇಲೆ ಕೂತಿರುತ್ತದೆ. ವಾಡಿಯ ಕಡೆ ಹೋದರೆ ಸಿಮೆಂಟು, ಶಹಾಬಾದದ ಕಡೆ ಹೋದರೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಧೂಳು. ನಮ್ಮ ಠಾಣೆಯಲ್ಲಿ ಒಂದು ರೂಢಿಯೇ ಇತ್ತು. ಬೆಂಕಿ ಆರಿಸಿ ಬಂದವರು ಕೋಟು ಕಳಚಿ, ಅಂಗಳದ ಬೇವಿನ ಗಿಡಕ್ಕೆ ಒಳಮೈ ಹೊರಗೆ ಮಾಡಿ ಬಡಿಯಬೇಕು. ಯಾರ ಕೋಟಿನಿಂದ ಹೆಚ್ಚು ಧೂಳು ಎದ್ದೀತೋ ಅವನು ಹೆಚ್ಚು ಕೆಲಸ ಮಾಡಿದ ಎಂದು ಲೆಕ್ಕ. ಅವನಿಗೆ ಮೊದಲ ಚಹಾ. ಹೊಸದಾಗಿ ಬಂದವರಿಗೆ ಬಡಿಯುವ ಕ್ರಮ ಕಲಿಸಿದವನು ನಾನೇ. ಆ ಗಿಡದ ನೆರಳಲ್ಲೇ ನಾವು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದೆವು.

ಚಾಚಾ ನಗಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಪುಡಿ ಮುಟ್ಟಿದ, ಬೆಳಕಿಗೆ ಹಿಡಿದ.

"ಸಾಬ್, ಸಿಮೆಂಟ್ ಆದ್ರ ಹಸಿ ಹತ್ತಿದ ಕೂಡಲೆ ಮೆತ್ಕೋತದ. ಇದು ನೋಡ್ರಿ, ಈರುಳ್ಳಿ ಸಿಪ್ಪಿ ಹಂಗ ಪದರ ಪದರ ಅದ. ಇದು ಧೂಳಲ್ಲ. ಅರಿವಿನೇ ಉದುರಲಿಕತ್ತದ."

"ಧೂಳೇ ಚಾಚಾ."

"ಎಲ್ಲಿಗಿ ಹೋಗಿತ್ತು ಈ ಕೋಟು?"

"ಎರಡು ತಿಂಗಳಿಂದ ಚಿಂಚೋಳಿ ಕಡಿ ಡ್ಯೂಟಿ ಹಾಕ್ಯಾರ. ನಿನ್ನೆ ಬಂದೀನಿ."

ಚಾಚಾ ಕೋಟಿನ ಹೊರಮೈ ತಿರುಗಿಸಿ ತೋರಿಸಿದ. ಭುಜದಿಂದ ಕೆಳಗೆ ಕೆಮ್ಮಣ್ಣು. "ಹೊರಗ ಕೆಂಪು, ಒಳಗ ಬಿಳಿ. ಚಿಂಚೋಳಿ ಅಡವ್ಯಾಗ ಬಿಳಿ ಧೂಳು ಯಾರು ಉಗ್ಗ್ಯಾರ ನಿನಗ?"

ಪೈಲ್ವಾನ ಬಗ್ಗಿ ಆ ಕೆಮ್ಮಣ್ಣನ್ನು ಉಗುರಿನಿಂದ ಕೆರೆದು ನೋಡಿದ. ಅಷ್ಟರಲ್ಲಿ ಇನ್ನೊಂದು ನಡೆಯಿತು. ಯಂತ್ರಕ್ಕೆ ಎಣ್ಣೆ ಬಿಡುವ ಉದ್ದ ಮೂಗಿನ ಡಬ್ಬಿಗೆ ಚಾಚಾನ ಮೊಣಕೈ ತಾಗಿ, ತೋಳಿನ ಮೇಲೆ ಒಂದು ಹನಿ ಬಿತ್ತು. "ತೋಬಾ," ಎಂದು ಚಿಂದಿ ಹಿಡಿದು ಒರೆಸಲು ಬಾಗಿದವನು ಹಾಗೇ ನಿಂತ. ಹನಿ ಬಟ್ಟೆಯೊಳಗೆ ಇಳಿದಿರಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ಕೂತಿತ್ತು. ಕೋಟು ಅಲುಗಿಸಿದರೆ ಅತ್ತಿತ್ತ ಉರುಳುತ್ತಿತ್ತು.

"ನಲವತ್ತು ವರ್ಷ ಆತು ಸಾಬ್, ಈ ಎಣ್ಣಿ ಬಿದ್ದು ಗಿರಾಕಿ ಕೈಲಿ ಬೈಸ್ಕೊಳ್ಳಲಿಕತ್ತು. ಎಣ್ಣಿ ಕುಡಿಲಾರದ ಅರಿವಿ ಇವತ್ತೇ ನೋಡಿದೆ. ಏನು ಹಚ್ಚ್ಯಾರ ಇದಕ್ಕ?"

ಆ ಪ್ರಶ್ನೆ ಹಿಡಿದುಕೊಂಡು, ಕೋಟಿನ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಮರುದಿನ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿಯ ಬಳಿ ಹೋದೆ. ಹಿಂದೊಮ್ಮೆ ಅವರ ಪ್ರಯೋಗಾಲಯದಲ್ಲಿ ಸಣ್ಣ ಬೆಂಕಿ ಹತ್ತಿದಾಗ ಹೋಗಿದ್ದೆ, ಆ ಪರಿಚಯ. ಅವರು ಪುಸ್ತಕ ತೆರೆದು, ನಾನು ಒಯ್ದಿದ್ದ, ಕೋಟಿನ ಜೊತೆ ಬಂದಿದ್ದ ಹಳೆಯ ಚೀಟಿ ಓದಿ, ನನಗೆ ತಿಳಿಯುವ ಹಾಗೆ ಹೇಳಿದರು. ನೀರು, ಎಣ್ಣೆ ಎರಡೂ ಹತ್ತದಂತೆ ಹೊರಬಟ್ಟೆಗೆ ಫ್ಲೋರಿನ್ ಇರುವ ರಾಸಾಯನಿಕ ಹಚ್ಚುತ್ತಾರೆ. ನಡುವಿನ ಪದರವೂ ಅದೇ ಜಾತಿಯ ತೆಳು ಹಾಳೆ, ಪುಡಿಯಾಗಿ ಉದುರುತ್ತಿರುವುದು ಬಹುಶಃ ಅದೇ. ಆ ರಾಸಾಯನಿಕದ ಗುಣವೇ ಕೆಡದಿರುವುದು. ಮಣ್ಣಿಗೆ ಹೋದರೆ ಮಣ್ಣಿನಲ್ಲಿ, ಮೈಗೆ ಹೋದರೆ ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ. ಅದಿಲ್ಲದ ಕೋಟುಗಳನ್ನು ಈಗ ಮಾಡಲು ತೊಡಗಿದ್ದಾರೆ.

"ಇದರಿಂದ ನಿಮಗ ಇಂಥಾದೇ ಆಗ್ಯದ ಅಂತ ನಾ ಹೇಳಂಗಿಲ್ರಿ," ಎಂದರು. "ಆದ್ರ ಇದನ್ನ ಗಿಡಕ್ಕ ಬಡದು, ಅಲ್ಲೇ ಕುಂತು ರೊಟ್ಟಿ ತಿನ್ನೋದು ಇವತ್ತೇ ನಿಲ್ಲಸ್ರಿ."

"ಎಣ್ಣಿ ಹನಿ ನಿಂತ್ರ ಆ ರಾಸಾಯನಿಕ ಅದ ಅಂತನೇ ಏನ್ರಿ ಮೇಡಂ?"

"ನಿಂತ್ರ ಅನುಮಾನ ಪಡ್ರಿ. ಹೀರಿದ್ರ ಪೂರ್ತಿ ಇಲ್ಲ ಅಂತ ಅಲ್ಲ, ಅದಕ್ಕ ಲ್ಯಾಬ್ ಬೇಕು. ನಿಮ್ಮ ದರ್ಜಿ ಪರೀಕ್ಷಾ ಮೊದಲನೇ ಮೆಟ್ಟಲು."

ಅಲ್ಲಿಂದ ಬಂದವನು ಒಂದು ತಪ್ಪು ಮಾಡಿದೆ. ಈಗ ಕೇಳಿದರೂ ಅದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ಸಂಜೆ ಹಾಜರಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಗಿಡಕ್ಕೆ ಬಡಿಯುವುದು ಬಂದ್, ಕೋಟು ಮನೆಗೆ ಒಯ್ದು ತೊಳೆಯುವುದು ಬಂದ್ ಎಂದೆ.  ಮುಂದಿನ ಕರೆ ಬಂದಾಗ ಒಬ್ಬನೂ ಕೋಟು ಮುಟ್ಟಲಿಲ್ಲ. ಖಾಕಿ ಅಂಗಿಯ ಮೇಲೆ ಗಾಡಿ ಹತ್ತಿದರು.

"ಕೋಟು ಹಾಕ್ರಿ," ಎಂದು ಕೂಗಿದೆ.

"ಹೆಂಡತಿ ಹೊಟ್ಟಿಲಿ ಇದ್ದಾಳ್ರಿ ಸರ್. ನಾ ಅದನ್ನ ತೊಡಂಗಿಲ್ಲ," ಎಂದ ನಮ್ಮ ಚಾಲಕ.

 ಪೈಲ್ವಾನನಿಗೆ ಸೇವೆ ಉಳಿದದ್ದು ಎರಡು ವರ್ಷಕ್ಕೂ ಕಡಿಮೆ. ಕೋಟನ್ನು ಗೂಟಕ್ಕೆ ತೂಗುಹಾಕಿ, "ಗೊತ್ತಿದ್ದು ಗೊತ್ತಿದ್ದು ಯಾರು ಹಾಕ್ಕೋತಾರ್ರಿ?" ಎಂದು ಒಂದೇ ಮಾತು ಅಂದ.

ವಿಷಯ ಇಷ್ಟೇ. ಕೋಟು ತೊಟ್ಟರೆ ನಿಧಾನಕ್ಕೆ ಏನಾದೀತೋ ಗೊತ್ತಿಲ್ಲ. ತೊಡದಿದ್ದರೆ ಇವತ್ತೇ ಸುಡುತ್ತದೆ. ಅವರನ್ನು ಬರಿಮೈ ಮಾಡಿದವನು ನಾನು. ಹೊಸ ಕೋಟು ತರಿಸಿಕೊಡುತ್ತೇನೆ, ಆ ರಾಸಾಯನಿಕ ಇಲ್ಲದ್ದು, ಬರುವ ಬೇಸಿಗೆಯೊಳಗೆ, ಎಂದು ಮಾತು ಕೊಟ್ಟೆ. ಆಗಿನ್ನೂ ದಸರಾ ಮುಗಿದಿತ್ತಷ್ಟೆ.

ಗಣಿಗಳಿರುವ ಊರುಗಳ ಒಳಿತಿಗೆಂದು ಒಂದು ನಿಧಿ ಇದೆ. ಕಲ್ಲು ತೆಗೆಯುವವರು ಕಟ್ಟಿದ ಹಣ. ಸುಣ್ಣದ ಕಲ್ಲಿನ ನೆಲದಲ್ಲಿ ಬೆಂಕಿ ಆರಿಸುವವರಿಗೆ ಅದರಲ್ಲಿ ಪಾಲಿಲ್ಲದಿದ್ದರೆ ಇನ್ನಾರಿಗೆ ಎಂದುಕೊಂಡು ಪ್ರಸ್ತಾವನೆ ಬರೆದೆ. ಹದಿನಾರು ಕೋಟು, ಬದಲಿಗೆ ನಾಲ್ಕು, ಠಾಣೆಯಲ್ಲೇ ತೊಳೆಯಲು ಒಂದು ಯಂತ್ರ. ಕಚೇರಿಯ ಗುಮಾಸ್ತರು ಕಾಗದವನ್ನು ಎರಡು ಸಲ ತಿರುವಿ ನೋಡಿದರು.

"ಇದು ಯಾವ ಕಾಲಂ ಒಳಗ ಬರ್ತದ್ರಿ?"

"ಬೆಂಕಿ ಅಂತ ಬರ್ಕೋರಿ."

"ಬೆಂಕಿ ಅನ್ನೋ ಕಾಲಂ ಇಲ್ರಿ. ಕುಡಿಯೋ ನೀರು ಅದ, ಸಾಲಿ ಅದ, ಆರೋಗ್ಯ ಅದ, ಪರಿಸರ ಅದ."

ಆರೋಗ್ಯ ಎಂದು ಬರೆದೆ. ತಿಂಗಳಾದ ಮೇಲೆ ಆರೋಗ್ಯದವರ ಟಿಪ್ಪಣಿಯೊಂದಿಗೆ ವಾಪಸು ಬಂತು: ಫಲಾನುಭವಿಗಳು ರೋಗಿಗಳಲ್ಲ. ಪರಿಸರ ಎಂದು ತಿದ್ದಿ ಕಳಿಸಿದೆ. ಅವರು ಬಹಳ ಒಳ್ಳೆಯವರು, ಫೋನ್ ಮಾಡಿ ಮಾತಾಡಿದರು. ಕೋಟು ಕೊಡಲು ಬರುವುದಿಲ್ಲ, ಬೇಕಾದರೆ ಠಾಣೆಯ ಅಂಗಳಕ್ಕೆ ಸಸಿ ಕೊಡುತ್ತೇವೆ ಎಂದರು. ಒಂದು ಬೇವಿನ ಗಿಡದ ಕಥೆಯೇ ನನಗೆ ಸಾಕಾಗಿತ್ತು. ಮೂರನೆಯ ಸಲ ಕಾರ್ಮಿಕ ಸುರಕ್ಷತೆ ಎಂದು ಬರೆದರೆ, ನೀವು ಕಾರ್ಮಿಕರಲ್ಲ, ಸರ್ಕಾರಿ ನೌಕರರು. ಸಮವಸ್ತ್ರ ನಿಮ್ಮ ಇಲಾಖೆಯದೇ ಜವಾಬ್ದಾರಿ ಎಂದು ಬಂತು. ಇಲಾಖೆಗೆ ಬರೆದೆ. ದಾಸ್ತಾನು ಪುಸ್ತಕದ ಪ್ರಕಾರ ನಿಮ್ಮಲ್ಲಿ ಹದಿನಾರು ಕೋಟು ಇವೆ ಎಂದು ಉತ್ತರ ಬಂತು. ಇವೆ ನಿಜ. ಗೂಟಕ್ಕೆ ತೂಗುತ್ತಿವೆ.

ಹೀಗೆ ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ತೊಗರಿ ಕಟ್ಟಿಗೆಯ ಬಣವೆಗಳು ಕಿಡಿ ಕಾಯುತ್ತ ಕೂತಿರುತ್ತವೆ. ಒಂದು ಮಧ್ಯಾಹ್ನ ಕಾಳಗಿಯ ಪೇಟೆಯಲ್ಲಿ ಗೋಣಿಚೀಲದ ಅಂಗಡಿಗೆ ಬೆಂಕಿ ಹತ್ತಿತು. ಗಾಡಿಯಲ್ಲಿ ನಾನು ಬಲವಂತ ಮಾಡಿದೆ, ಬೈದೆ, ಕೊನೆಗೆ ಕೈಮುಗಿದೆ. ಇಬ್ಬರು ಹಳೆಯ ಕೋಟು ತೊಟ್ಟರು. ಪೈಲ್ವಾನ ತೊಡಲಿಲ್ಲ. ಷಟರ್ ಎತ್ತುವಾಗ ಒಳಗಿನ ಉರಿ ಒಮ್ಮೆಲೆ ಹೊರಗೆ ನಾಲಿಗೆ ಚಾಚಿತು. ಅವನ ಎಡಗೈ ಮೊಣಕೈವರೆಗೆ ಬೊಬ್ಬೆ ಎದ್ದಿತು. ಆಸ್ಪತ್ರೆಯಲ್ಲಿ ಮುಲಾಮು ಹಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

"ನೀವ್ಯಾಕ ಮಾರಿ ಸಣ್ಣದ ಮಾಡೀರಿ ಸಾಹೇಬ್ರ? ಸುಟ್ಟದ್ದು ನನಗ."

"ಕೋಟು ಇದ್ದಿದ್ರ ಇದು ಆಗ್ತಿದ್ದಿಲ್ಲ."

"ಹೌದಲ್ಲ? ಹೊಸದು ಎಲ್ಲದ?"

ಅದಕ್ಕೆ ನನ್ನ ಬಳಿ ಇದ್ದದ್ದು ನಾಲ್ಕು ವಾಪಸಾದ ಕಾಗದ ಮಾತ್ರ. ನಮ್ಮಜ್ಜಿ ಸಿಟ್ಟು ಬಂದು ಬೈಯಲಿಕ್ಕೆ ಆಳು ಸಿಗದಿದ್ದಾಗ ರೊಟ್ಟಿ ಹಿಟ್ಟನ್ನು ಬಡಿದು ಬಡಿದು ಕಾಗದದಷ್ಟು ತೆಳ್ಳಗೆ ಮಾಡುತ್ತಿದ್ದಳು. ಹಾಗೇ ನಾನು ಪೈಲ್ವಾನನ ಸುಟ್ಟ ಕೈಯ ಫೋಟೋ ಹಚ್ಚಿ ಐದನೆಯ ಸಲ ಬರೆದೆ. ಈ ಸಲ ಬರಿ ಕೋಟೆಂದು ಬರೆಯದೆ, ಗಣಿ ಪ್ರದೇಶದ ಬೆಂಕಿ ಅವಘಡಗಳಿಗೆ ರಕ್ಷಣಾ ವ್ಯವಸ್ಥೆ ಎಂದು ಬರೆಯಲು ಹೇಳಿಕೊಟ್ಟವರು ಅದೇ ಗುಮಾಸ್ತರು. "ಹಿಂಗ ಬರದ್ರ ಯಾವ ಕಾಲಂದಾಗಾದ್ರೂ ಕುಂದ್ರತದ್ರಿ," ಎಂದರು. ಕೂತಿತು. ಅಷ್ಟರಲ್ಲಿ ಮಳೆಗಾಲ ಕಳೆದಿತ್ತು.

ಚಳಿಗಾಲದಲ್ಲಿ ಖರೀದಿ ಸಮಿತಿ ಸೇರಿತು. ನನ್ನ ಪಟ್ಟಿಯಲ್ಲಿ ನಾಲ್ಕು ಬದಲಿ ಕೋಟುಗಳ ಸಾಲಿಗೆ ಆಗಲೇ ಗೀಟು ಎಳೆದಿದ್ದರು. ಮೇಜಿನ ಮೇಲೆ ಎರಡು ಮಾದರಿ ಕೋಟು: ಒಂದು ಹಳೆಯ ಬಗೆಯದು, ಒಂದು ಆ ರಾಸಾಯನಿಕ ಇಲ್ಲದ್ದು. ಸಮಿತಿಯ ತಾಂತ್ರಿಕ ಸದಸ್ಯರು ಒಬ್ಬ ಇಂಜಿನಿಯರ್. ಸೇತುವೆ, ನೀರಿನ ಟಾಕಿ ಕಟ್ಟಿದವರು. ಬಾಟಲಿ ಎತ್ತಿ ಎರಡರ ಮೇಲೂ ನೀರು ಸುರಿದರು. ಎರಡರ ಮೇಲೂ ನೀರು ಜಾರಿತು.

"ಎರಡೂ ಒಂದೇ ಅವಲ್ರಿ. ಸಸ್ತಾ ಇದ್ದದ್ದು ತಗೋರಿ."

ನಾನು ಚಾಚಾನಿಂದ ಬೇಡಿ ತಂದಿದ್ದ ಎಣ್ಣೆ ಡಬ್ಬಿಯನ್ನು ಜೇಬಿನಿಂದ ತೆಗೆದೆ. ಹಳೆಯ ಬಗೆಯದರ ಮೇಲೆ ಹನಿ ಗುಂಡಗೆ ನಿಂತಿತು. ಇನ್ನೊಂದರ ಮೇಲೆ ನಿಧಾನಕ್ಕೆ ಹರಡಿ, ಕಪ್ಪಗೆ ಇಳಿಯಿತು. ಗೆದ್ದೆ ಎಂದುಕೊಂಡೆ. ಇಂಜಿನಿಯರ್ ಕುರ್ಚಿಗೆ ಒರಗಿದರು.

"ಹಂಗಾದ್ರ ನಿಲ್ಲೋದೇ ಚಲೋ ಅಲ್ಲೇನ್ರಿ? ಟ್ಯಾಂಕರ್ ಪಲ್ಟಿ ಆದಲ್ಲಿ ಡೀಸೆಲ್ ಸಿಡೀತದ. ಡೀಸೆಲ್ ಕುಡಿಯೋ ಕೋಟು ಹಾಕ್ಕೊಂಡು ಬೆಂಕಿ ಮುಂದ ನಿಂದ್ರತೀರೇನು?"

ಇಡೀ ಸಭೆ ನನ್ನನ್ನು ನೋಡಿತು. ಅವರ ಮಾತು ಸುಳ್ಳಲ್ಲ. ಆ ಒಂದು ಗುಣಕ್ಕಾಗಿಯೇ ಆ ವಿಷವನ್ನು ಬಟ್ಟೆಗೆ ಹಚ್ಚುತ್ತ ಬಂದದ್ದು. ನಾನು ತಡವರಿಸುತ್ತಿದ್ದಾಗ, ಬಾಗಿಲ ಬಳಿ ಮಾದರಿ ಗಂಟು ಹೊತ್ತು ನಿಂತಿದ್ದ ಪೈಲ್ವಾನ ಮಾತಾಡಿದ.

"ಸಾಹೇಬ್ರ, ಡೀಸೆಲ್ ಬಿದ್ದ ಮ್ಯಾಲ ಯಾವ ಕೋಟಾದ್ರೂ ಹಿಂದ ಸರದು ಕಳೀಬೇಕ್ರಿ. ಹತ್ತಲಿಲ್ಲಂತ ಧೈರ್ಯ ಮಾಡಿ ಮುಂದ ಹೋದವ್ರು ಕುತ್ಗಿ ಕೆಳಗ ಸುಟ್ಕೊಂಡಿದ್ದು ನಾ ನೋಡೀನಿ. ಅದಕ್ಕಂತೇ ನಮ್ಮ ಸಾಹೇಬ್ರು ಬದಲಿ ಕೋಟು ನಾಕು ಕೇಳ್ಯಾರ. ನೀವು ಅವನ್ನ ಹೊಡದ್ ಹಾಕೀರಿ."

ಇಂಜಿನಿಯರ್ ಅವನ ಎಡಗೈ ನೋಡಿದರು. ಕಾಳಗಿಯ ಗುರುತು ಇನ್ನೂ ಎಳೆ ಚರ್ಮದ ಬಣ್ಣದಲ್ಲಿತ್ತು. ತುಸು ಹೊತ್ತು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ, "ಎಲ್ಲಿದ್ರಿ ಇದು?" ಎಂದರು. ದರ್ಜಿಯದು ಎಂದೆ. ಸಹಿ ಮಾಡಿದರು. ಬದಲಿ ಕೋಟುಗಳು ಉಳಿದವು, ತೊಳೆಯುವ ಯಂತ್ರ ಪಟ್ಟಿಯಿಂದ ಬಿದ್ದುಹೋಯಿತು. ಆ ದಿನ ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದೆವು.

ಎಲ್ಲರ ಅಳತೆ ಚಾಚಾನೇ ತೆಗೆದ. ಪೈಲ್ವಾನನ ಎದೆಗೆ ಟೇಪು ಸಾಲದೆ ದಾರ ಸುತ್ತಿ ಅಳೆದ. "ನಿನ್ನ ಒಂದು ಕೋಟಿನಾಗ ಇಬ್ಬರು ಫೈರ್‌ಮನ್ ಹೊರಡ್ತಾರ," ಎಂದು ಕಿಚಾಯಿಸಿದ. ಬಟ್ಟೆಯ ವಿವರಣೆಯಲ್ಲಿ ಉಪನ್ಯಾಸಕಿ ಹೇಳಿಕೊಟ್ಟ ಸಾಲುಗಳನ್ನು ಸೇರಿಸಿದೆ: ಹೊರಪದರ, ನಡುಪದರ, ಹೊಲಿಗೆಯ ಮೇಲಿನ ಪಟ್ಟಿ, ಎಲ್ಲಿಯೂ ಫ್ಲೋರಿನ್ ಲೇಪ ಇರಕೂಡದು, ಪೂರೈಕೆ ಮಾದರಿಯಂತೆಯೇ ಇರಬೇಕು. ಈ ಕೊನೆಯ ಸಾಲನ್ನು ನಾನು ಯಾವ ಮುಂದಾಲೋಚನೆಯಿಂದಲೂ ಬರೆದಿರಲಿಲ್ಲ. ಎಲ್ಲ ಕಾಗದದಲ್ಲೂ ಇರುತ್ತದೆ, ಅದಕ್ಕೆ ಬರೆದೆ.

ಮಾರ್ಚ್ ನಡುವಿಗೆ ಗಂಟುಗಳು ಬಂದಿಳಿದವು. ಠಾಣೆಯಲ್ಲಿ ಹಬ್ಬ. ಪೂರೈಕೆದಾರನ ಕಡೆಯವನೊಬ್ಬ ಪ್ರಮಾಣಪತ್ರಗಳ ಕಡತ ಹಿಡಿದು ನಿಂತಿದ್ದ. ಮೇಲಿನ ಕೋಟು ಬಿಚ್ಚಿ ಹನಿ ಬಿಟ್ಟೆ. ಇಳಿಯಿತು. ಹುಡುಗರು ಕೇಕೆ ಹಾಕಿದರು. ಎರಡನೆಯದು ಇಳಿಯಿತು. ಸಾಕು ಎಂದು ಸಹಿಗೆ ಪೆನ್ನು ತೆಗೆದೆ. ಆಗ ಪೈಲ್ವಾನ ತನ್ನ ಅಳತೆಯದನ್ನು ಗಂಟಿನ ತಳದಿಂದ ಎಳೆದು, ತೊಟ್ಟು, ಗುಂಡಿ ಹಾಕಿಕೊಂಡು ಎದುರು ಬಂದು ನಿಂತ. ಒಂದೂವರೆ ವರ್ಷದ ಮೇಲೆ ಅವನ ಮೈಮೇಲೆ ಕೋಟು ನೋಡಿದ್ದು. ತೋಳು ಚಾಚಿ, "ನಂದಕ್ಕೂ ಬಿಡ್ರಿ ಒಂದು ಹನಿ," ಎಂದ.

ಬಿಟ್ಟೆ. ಹನಿ ನಿಂತಿತು.

ಅವನು ಕೈ ಅಲುಗಿಸಿದ. ಹನಿ ತೋಳಿನುದ್ದ ಉರುಳಿ ನೆಲಕ್ಕೆ ಬಿತ್ತು.  ಎಲ್ಲ ಗಂಟುಗಳನ್ನೂ ಬಿಚ್ಚಿಸಿ ಒಂದೊಂದಕ್ಕೂ ಹನಿ ಬಿಟ್ಟೆ. ಇಪ್ಪತ್ತರಲ್ಲಿ ಐದು ಇಳಿದವು. ಹದಿನೈದು ನಿಂತವು. ಇಳಿದ ಐದೂ ಗಂಟುಗಳ ಮೇಲ್ಭಾಗದಲ್ಲಿದ್ದವು.

"ಲಾಟ್ ಬ್ಯಾರೆ ಬಂದಿರಬೇಕ್ರಿ ಸರ್," ಎಂದ ಪೂರೈಕೆದಾರನ ಕಡೆಯವ. "ಸರ್ಟಿಫಿಕೇಟ್ ಎಲ್ಲದಕ್ಕೂ ಅದ ನೋಡ್ರಿ. ನೀವೇನು ಎಣ್ಣಿ ಹಚ್ಚಿ ಸ್ನಾನ ಮಾಡಸ್ತೀರೇನು ಕೋಟಿಗಿ?"

ಮಧ್ಯಾಹ್ನದೊಳಗೆ ಮೇಲಿನ ಕಚೇರಿಯಿಂದ ಫೋನು. ಮಾರ್ಚ್ ಮುಗಿಯುವ ಮೊದಲು ಸ್ವೀಕೃತಿ ಬರದಿದ್ದರೆ ಹಣ ವಾಪಸು ಹೋಗುತ್ತದೆ. ಈಗ ಸಹಿ ಮಾಡಿ, ಆಮೇಲೆ ಬದಲಾಯಿಸಿಕೊಳ್ಳಿ. ಐದು ಮಾತ್ರ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಬರುವುದಿಲ್ಲ, ಪೂರ್ತಿ ತೆಗೆದುಕೊಳ್ಳಬೇಕು, ಇಲ್ಲ ಪೂರ್ತಿ ಬಿಡಬೇಕು.

ಫೋನು ಇಟ್ಟು ಅಂಗಳಕ್ಕೆ ಬಂದೆ. ಪೈಲ್ವಾನ ಇನ್ನೂ ಆ ಕೋಟು ಕಳಚಿರಲಿಲ್ಲ.

"ಸಹಿ ಮಾಡ್ರಿ ಸಾಹೇಬ್ರ."

"ಹನಿ ನಿಂತದಲ್ಲೋ."

"ನಿಲ್ಲಲಿ ಬಿಡ್ರಿ. ಹೊಸದು ಅದ, ಒಳಗ ಉದುರಂಗಿಲ್ಲ. ಉದುರಲಿಕ್ಕ ಹತ್ತು ವರ್ಷ ಬೇಕು."

"ಅದೇ ನನ್ನ ಚಿಂತಿ. ಒಮ್ಮಿ ದಾಸ್ತಾನ್ ಪುಸ್ತಕದಾಗ ಏರಿದ್ರ ಹತ್ತು ವರ್ಷ ಇಳ್ಯಂಗಿಲ್ಲ. ಆಮ್ಯಾಲ ಬದಲಿ ಅಂದ್ರ, ನಿಮ್ಮಲ್ಲಿ ಇಪ್ಪತ್ತು ಅವಲ್ಲ ಅಂತಾರ."

"ನನಗ ಹತ್ತು ವರ್ಷ ಇಲ್ರಿ," ಎಂದ. ದನಿ ಏರಿತ್ತು, ನನ್ನ ಮುಂದೆ ಅವನ ದನಿ ಏರಿದ್ದು ಅದೊಂದೇ ಸಲ. "ಎರಡೂವರಿ ತಿಂಗಳ ಅದ. ಒಂದು ಬ್ಯಾಸಗಿ. ನಿಮ್ಮ ಎಣ್ಣಿ ಹನಿ ಸಲುವಾಗಿ ಈ ಬ್ಯಾಸಗಿನೂ ನಾ ಬರೇ ಅಂಗಿ ಮ್ಯಾಲ ಹೋಗ್ಬೇಕೇನು? ಅಂಜಿಸಿದವ್ರು ನೀವು. ತರಸ್ತೀನಿ ಅಂದವ್ರು ನೀವು. ಈಗ ಬಂದದ್ದು ವಾಪಸ್ ಕಳಸವ್ರೂ ನೀವೇ?"

ಅವನು ಹೇಳಿದ್ದರಲ್ಲಿ ಒಂದಕ್ಷರ ತೆಗೆದುಹಾಕುವಂತಿರಲಿಲ್ಲ. ನಾನು ಒಳಗೆ ಹೋಗಿ ಕೂತೆ. ಗೋಡೆಯ ಮೇಲೆ ಹಳೆಯ ಹದಿನಾರು ಕೋಟು ಸಾಲಾಗಿ ತೂಗುತ್ತಿದ್ದವು. ಅವನ್ನೂ ಯಾರೋ ಒಬ್ಬ ಠಾಣಾಧಿಕಾರಿ, ಯಾವುದೋ ಮಾರ್ಚಿನಲ್ಲಿ, ಸಹಿ ಮಾಡಿ ತೆಗೆದುಕೊಂಡಿದ್ದ. ಅವನಿಗಾದರೂ ಗೊತ್ತಿರಲಿಲ್ಲ.

ಸ್ವೀಕೃತಿ ಕಾಗದದ ಮೇಲೆ "ಪೂರೈಕೆ ಮಾದರಿಯಂತಿಲ್ಲ, ಸ್ವೀಕರಿಸಿಲ್ಲ" ಎಂದು ಬರೆದು ಸಹಿ ಮಾಡಿದೆ. ಹೊರಗೆ ಬಂದಾಗ ಪೈಲ್ವಾನ ಕೋಟು ಕಳಚಿ, ಮಡಚಿ, ಗಂಟಿನ ಮೇಲೆ ಇಟ್ಟಿದ್ದ. ನನ್ನ ಮುಖ ನೋಡಲಿಲ್ಲ. ಆಮೇಲೆ ನನ್ನೊಡನೆ ಮಾತೇ ಬಿಟ್ಟ. ಏಪ್ರಿಲ್ ಮೊದಲಿಗೆ ನನಗೆ ಕಾರಣ ಕೇಳಿ ನೋಟಿಸು ಬಂತು: ನಿಧಿ ಬಳಕೆಯಾಗದಿರಲು ನೀವೇ ಕಾರಣರೆಂದು ಏಕೆ ಪರಿಗಣಿಸಬಾರದು? ಮನೆಯಲ್ಲಿ ಹೇಳಿಕೊಂಡರೆ, "ದರ್ಜಿ ಮಾತು ಕೇಳಿ ನೌಕರಿ ಕಳ್ಕೋಳ್ರಿ," ಎಂದು ನನ್ನಾಕೆ ತಾಟು ಕುಕ್ಕಿದಳು.

ಆ ಮಾತಿನಿಂದಲೇ ಇರಬೇಕು, ಮರುದಿನ ದರ್ಜಿಯ ಬಳಿಗೇ ಹೋದೆ. ಹಳೆಯ ಕೋಟಿನ ಒಳಗೆ ಇನ್ನೊಂದು ಅಸ್ತರು ಹಾಕಬಹುದೇ ಎಂದು ಕೇಳಿದೆ. ಚಾಚಾ ತಲೆಯಾಡಿಸಿದ.

"ಹೊಲಿಗಿ ಹಾಕಿದಷ್ಟೂ ತೂತು ಬೀಳ್ತದ ಸಾಬ್. ತೂತಿನಾಗ ಉರಿ ಹೊಗ್ತದ. ಕೋಟು ಮುಟ್ಟಬ್ಯಾಡ್ರಿ, ಮೈ ಮುಚ್ಚ್ರಿ."

ದಪ್ಪ ಹತ್ತಿ ಬಟ್ಟೆಯಲ್ಲಿ, ಕುತ್ತಿಗೆ ಮುಚ್ಚುವ ಪಟ್ಟಿ, ಮಣಿಕಟ್ಟಿನವರೆಗೆ ತೋಳು, ಹಿಂದೆ ಕಟ್ಟುವ ಲಾಡಿ ಇಟ್ಟು ಹದಿನಾರು ಒಳಂಗಿ ಹೊಲಿದುಕೊಟ್ಟ. ಹಿಟ್ಟಿನ ಗಿರಣಿಯವರ ಅಂಗಿಯಂತೆ ಕಾಣುತ್ತಿದ್ದವು. ಕೋಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟದ ಜಾಗದಿಂದ ದೂರ ಪಂಪಿನ ಕೋಣೆಗೆ ಸಾಗಿಸಿದೆವು. ಒಳಂಗಿಗಳನ್ನು ಠಾಣೆಯಲ್ಲೇ ಬೇರೆ ಬಕೆಟ್ಟಿನಲ್ಲಿ ತೊಳೆಯಬೇಕು, ಮನೆಗೆ ಒಯ್ಯಬಾರದು. ಇದು ಪರಿಹಾರವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬಿಸಿಲು ಕುದಿಯುವಾಗ ಇನ್ನೊಂದು ಅಂಗಿ. ಹುಡುಗರು ಗೊಣಗಿದರು. ಮೊದಲು ನಾನು ತೊಟ್ಟು, ಮೇಲೆ ಹಳೆಯ ಕೋಟು ಹಾಕಿ, ಅಂಗಳದಲ್ಲಿ ಕವಾಯತಿಗೆ ನಿಂತೆ.

ಪೈಲ್ವಾನ ದೂರ ನಿಂತು ನೋಡಿದ. ಆಮೇಲೆ ಬಂದು ತನ್ನ ಅಳತೆಯ ಒಳಂಗಿ ಎತ್ತಿಕೊಂಡ.

"ಲಾಡಿ ಕಟ್ರಿ ಸಾಹೇಬ್ರ, ನನ್ನ ಕೈ ಹಿಂದ ಹೋಗಂಗಿಲ್ಲ," ಎಂದ. ಕಟ್ಟಿದೆ. ತಿಂಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಆ ಬೇಸಿಗೆ ಹಾಗೇ ಕಳೆಯಿತು. ಯಾರಿಗೂ ಸುಡಲಿಲ್ಲ. ಸೆಕೆಗೆ ಒಬ್ಬ ತಲೆಸುತ್ತಿ ಬಿದ್ದ, ಎಲ್ಲರ ಬೆನ್ನ ತುಂಬ ಬೆವರುಸಾಲೆ. ನೋಟಿಸಿಗೆ ಉತ್ತರ ಬರೆದೆ. ಉಪನ್ಯಾಸಕಿ, ಹನಿ ನಿಂತ ಕೋಟಿನದೊಂದು ತುಣುಕನ್ನು ಲ್ಯಾಬಿಗೆ ಕಳಿಸಿ, ಬಂದ ವರದಿಯನ್ನು ಹಚ್ಚಿಕೊಟ್ಟರು. ಅದಕ್ಕೂ ಮೊದಲೇ ಒಂದು ದಿನ ಆ ಇಂಜಿನಿಯರ್ ಜೀಪಿನಲ್ಲಿ ಬಂದಿಳಿದು, "ಎಲ್ಲದ್ರಿ ಆ ಡಬ್ಬಿ? ನನ್ನ ಕಣ್ಣೆದುರು ಬಿಡ್ರಿ," ಎಂದಿದ್ದರು. ಇನ್ನೂ ಸಾಗಿಸದೆ ಬಿದ್ದಿದ್ದ ಗಂಟಿನಿಂದ ತಾವೇ ಎರಡು ಕೋಟು ಆರಿಸಿ, ತಾವೇ ಹನಿ ಬಿಟ್ಟು ನೋಡಿದರು. ಒಂದು ನಿಂತಿತು, ಒಂದು ಇಳಿಯಿತು. "ನನ್ನ ನೀರಿನ ಟಾಕಿಗಿ ಇಂಥಾ ಮೋಸ ಮಾಡಿದ್ರ ಜೈಲಿನಾಗ ಹಾಕಸ್ತಿದ್ದೆ ಆ ಸಪ್ಲಾಯರ್‌ನ," ಎಂದು ಗೊಣಗಿ, ಹಣ ಮುಂದಿನ ವರ್ಷಕ್ಕೆ ಉಳಿಯಬೇಕೆಂದು ಎರಡು ಸಾಲು ಬರೆದು ಹೋದರು. ಒಂದೂವರೆ ವರ್ಷ ನಾನು ಹತ್ತಿದ ಮೆಟ್ಟಿಲುಗಳು ಆ ಎರಡು ಸಾಲಿನಷ್ಟು ಕೆಲಸ ಮಾಡಿರಲಿಲ್ಲ.

ಮೇ ಕೊನೆಯ ದಿನ ಪೈಲ್ವಾನ ನಿವೃತ್ತನಾದ. ಶಾಲು ಹೊದಿಸಿದೆವು. ಭಾಷಣ ಮಾಡಲು ನನ್ನನ್ನು ಎಬ್ಬಿಸಿದರು. ಒಂದೂವರೆ ವರ್ಷದ ಹಿಂದೆ ಕೊಟ್ಟ ಮಾತೊಂದು ಬಾಕಿ ಇದೆ ಎಂದು ಹೇಳಬೇಕೆಂದುಕೊಂಡಿದ್ದೆ. ಹೇಳಲಾಗಲಿಲ್ಲ, ಬೇರೆ ಏನೋ ಹೇಳಿ ಕೂತೆ.

ಕೋಟುಗಳು ಬಂದದ್ದು ಜುಲೈಯಲ್ಲಿ. ಇಪ್ಪತ್ತಕ್ಕೂ ಹನಿ ಬಿಟ್ಟೆ, ಇಪ್ಪತ್ತೂ ಇಳಿದವು. ಅಳತೆಯ ಪಟ್ಟಿ ಹಳೆಯದೇ ಆದ್ದರಿಂದ ಪೈಲ್ವಾನನ ಕೋಟೂ ಬಂದಿತ್ತು. ಠಾಣೆಯಲ್ಲಿ ಅದು ಯಾರಿಗೂ ಹತ್ತುವುದಿಲ್ಲ. ಅವನ ಗೂಟಕ್ಕೇ ತೂಗುಹಾಕಿದೆ.

ನಾಲ್ಕು ದಿನ ಬಿಟ್ಟು ಅವನು ಸೈಕಲ್ ಮೇಲೆ ಬಂದ. ಚಾಚಾ ಸುದ್ದಿ ಮುಟ್ಟಿಸಿದ್ದ. ಡಬ್ಬಿಯನ್ನೂ ಕೊಟ್ಟು ಕಳಿಸಿದ್ದ. ಪೈಲ್ವಾನ ಗೂಟದ ಮುಂದೆ ನಿಂತು, ತನ್ನ ಕೋಟಿನ ತೋಳು ಹಿಡಿದು, ಒಂದು ಹನಿ ಬಿಟ್ಟ. ಹನಿ ಇಳಿದು ಒಂದು ರೂಪಾಯಿಯಷ್ಟು ಅಗಲ ಕಪ್ಪಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿದ. "ಕುಡೀತು," ಎಂದ. ಹೆಬ್ಬೆರಳನ್ನು ಪಾಯಜಾಮಕ್ಕೆ ಒರೆಸಿಕೊಂಡು, ಬೇವಿನ ಗಿಡದ ಕೆಳಗೆ ಕೂತು ಚಹಾ ಕುಡಿದ.

ಚಹಾ ಅರ್ಧವಾಗಿತ್ತು, ಗಂಟೆ ಹೊಡೆಯಿತು. ಆಡಕಿಯ ಕಡೆ ಒಂದು ಜೀಪಿಗೆ ಬೆಂಕಿ. ಹುಡುಗರು ಓಡಿ ಬಂದು ಹೊಸ ಕೋಟು ತೊಟ್ಟು ಗಾಡಿ ಹತ್ತಿದರು. ನಾನೂ ಹತ್ತಿದೆ. ಪೈಲ್ವಾನ ಲೋಟ ಕೆಳಗಿಟ್ಟು ಎದ್ದು, ಮುಂದೆ ಹೋಗಿ ಗೇಟು ತೆಗೆದು ಹಿಡಿದ. ಗಾಡಿ ಹೊರಬಿದ್ದ ಮೇಲೆ ಕನ್ನಡಿಯಲ್ಲಿ ನೋಡಿದೆ. ಅವನು ಗೇಟು ಮುಚ್ಚಿ ಅಗಳಿ ಹಾಕುತ್ತಿದ್ದ.